ಚಿಕ್ಕಮ್ಮ ಸೈಕಲ್ಲಿಗೆ ಹಲ್ಲು ಕಟ್ಟಿದ್ದು

ನಮ್ಮ ಚಿಕ್ಕಮ್ಮನ ಕಣ್ಣೆದುರು ಯಾವ ವಸ್ತುವೂ ಅಲ್ಲಾಡುವಂತಿಲ್ಲ. ಮೇಜಿನ ಕಾಲು, ಬಾಗಿಲಿನ ಹಿಡಿ, ಕನ್ನಡಕದ ಕಡ್ಡಿ, ಮನೆಗೆ ಬಂದವರ ಚಪ್ಪಲಿಯ ಪಟ್ಟಿ, ಯಾವುದಾದರೂ ಸರಿ, ಕೊಂಚ ಸಡಿಲಾಗಿದೆ ಎಂದು ಗೊತ್ತಾದರೆ ಸಾಕು, ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ ಒಂದು ಕೈಯಲ್ಲಿ ಮರಳುಕಾಗದ, ಇನ್ನೊಂದರಲ್ಲಿ ಅಂಟಿನ ಬಟ್ಟಲು ಹಿಡಿದು ಬರುತ್ತಾಳೆ. ಒಮ್ಮೆ ಕರೆಂಟಿನ ಮೀಟರು ನೋಡಲು ಬಂದವನ ಕೈಗಡಿಯಾರದ ಪಟ್ಟಿ ಕಿತ್ತುಬಂದಿತ್ತು. ಅವನನ್ನು ಕೂರಿಸಿ, ಅಂಟು ಹಚ್ಚಿ, ಒಣಗುವವರೆಗೆ ಕೈ ಮೇಲೆತ್ತಿಕೊಂಡಿರು ಎಂದು ಹೇಳಿ ಅಡುಗೆಮನೆಗೆ ಹೋದವಳು ಅವನನ್ನು ಮರೆತೇಬಿಟ್ಟಳು. ಪಾಪ, ಕೈ ಇಳಿಸಿದರೆ ಎಲ್ಲಿ ಬೈಯುತ್ತಾಳೋ ಎಂದು ಅವನು ಹಾಗೇ ಕೂತಿದ್ದ. ಆಮೇಲೆ ನಮ್ಮ ಮನೆಯ ಮೀಟರನ್ನು ಅವನು ಗೇಟಿನ ಆಚೆಯಿಂದಲೇ ಓದುತ್ತಿದ್ದಾನೆ.

ಅವಳ ಕಸುಬು ಹಲ್ಲಿನ ಸೆಟ್ಟು ಕಟ್ಟುವುದು. ದಂತವೈದ್ಯರು ಹಲ್ಲು ಉದುರಿದವರ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವಳು ಅದಕ್ಕೆ ಒಸಡು, ಹಲ್ಲು ಜೋಡಿಸಿ ಹಿಂದಕ್ಕೆ ಕಳಿಸುತ್ತಾಳೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಗೋಡೆಯುದ್ದದ ಹಲಗೆಗಳ ಮೇಲೆ ಸುಣ್ಣದಂತೆ ಬೆಳ್ಳಗಿನ ದವಡೆಗಳು ಬಾಯಿ ತೆರೆದು ಕೂತಿರುತ್ತವೆ. ಡ್ರಾಯರು ಎಳೆದರೆ ಹಲ್ಲುಗಳು, ಬೆಳ್ಳನೆಯವು ಒಂದು ಕಡೆ, ಬೀಡಿ ಸೇದುವವರಿಗೆ ಒಪ್ಪುವಂಥವು ಇನ್ನೊಂದು ಕಡೆ. ಊರಿನ ಅರ್ಧ ಮುದುಕರು ಇವಳ ಹಲ್ಲಿನಲ್ಲೇ ನಗುವುದು. ದಾರಿಯಲ್ಲಿ ಯಾರಾದರೂ ದೊಡ್ಡ ಮನುಷ್ಯರು ಎದುರಾದರೆ ಇವಳು ನನ್ನ ಪಕ್ಕೆಗೆ ತಿವಿದು, ಅಗೋ ನನ್ನ ಮೇಲ್ದವಡೆ ಹೋಗ್ತಿದೆ ನೋಡು ಎಂದು ಪಿಸುಗುಟ್ಟುತ್ತಾಳೆ. ಆ ಮನುಷ್ಯರ ಹೆಸರು, ಹುದ್ದೆ, ಇವಳಿಗೆ ಯಾವುದೂ ನೆನಪಿರುವುದಿಲ್ಲ.

ನಾನು ಇವಳ ಅಕ್ಕನ ಮಗಳು. ಕೆಲಸಕ್ಕೆಂದು ಈ ಊರಿಗೆ ಬಂದು ಮಹಡಿಯ ಕೋಣೆಯಲ್ಲಿ ಬಿಟ್ಟಿಯಾಗಿ ಇದ್ದೇನೆ. ಹಾಗಾಗಿ ಅಂಟು ಕಚ್ಚಿಕೊಳ್ಳುವವರೆಗೆ ಎರಡೂ ತುಂಡನ್ನು ಒತ್ತಿ ಹಿಡಿದು ನಿಲ್ಲುವ ಕೆಲಸ ನನ್ನ ಪಾಲಿಗೆ ಬಂದಿದೆ. ಆ ಹೊತ್ತಿನಲ್ಲಿ ಮಾತಾಡುವಂತಿಲ್ಲ, ಸೀನುವಂತಿಲ್ಲ. ಚಿಕ್ಕಮ್ಮ ಎದುರು ನಿಂತು, ತನ್ನ ಹಲ್ಲನ್ನೇ ಬಿಗಿಯಾಗಿ ಕಚ್ಚಿಕೊಂಡು, ಅಂಟನ್ನು ದುರುಗುಟ್ಟಿ ನೋಡುತ್ತಾಳೆ. ಅವಳನ್ನು ನೋಡಿ ನೋಡಿ ನನಗೂ ಈ ಚಾಳಿ ಅಂಟಿದೆ. ಆಫೀಸಿನಲ್ಲಿ ಲಕೋಟೆಗೆ ಅಂಟು ಹಚ್ಚುವಾಗ ಹಲ್ಲು ಕಚ್ಚುತ್ತೇನೆಂದು ಪಕ್ಕದ ಮೇಜಿನವಳು ದೂರು ಕೊಟ್ಟಿದ್ದಾಳೆ.

ಚಿಕ್ಕಪ್ಪ ಇದಕ್ಕೆಲ್ಲ ತದ್ವಿರುದ್ಧ. ಸಿನಿಮಾ ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದವರು. ಹರೆಯದಿಂದ ತಲೆ ನರೆಯುವವರೆಗೆ ಒಂದು ಪುಟ್ಟ ಕತ್ತಲೆ ಕೋಣೆಯಲ್ಲಿ ಯಂತ್ರದ ಜೊತೆ ಒಬ್ಬರೇ ಕೂತವರು. ಕೆಳಗೆ ಸಾಲುಸಾಲು ಜನ ಹೊಟ್ಟೆ ಹಿಡಿದುಕೊಂಡು ನಗುವಾಗ ಇವರಿಗೆ ಗೋಡೆಯ ಕಿಂಡಿಯಿಂದ ಸದ್ದು ಮಾತ್ರ ಕೇಳಿಸುತ್ತಿತ್ತು. ಯಂತ್ರ ಕಟಕಟ ಎಂದರೆ ಎದ್ದು ಎಣ್ಣೆ ಬಿಡುವುದು, ಸುಮ್ಮನಿದ್ದರೆ ತಾವೂ ಸುಮ್ಮನಿರುವುದು, ಇಷ್ಟೇ ಅವರ ಬದುಕು. ಮನೆಯಲ್ಲೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಚಿಕ್ಕಮ್ಮ ಅವರನ್ನು ಮದುವೆಯಾಗಲು ಒಪ್ಪಿದ್ದು ಹಲ್ಲಿನ ಸಾಲು ನೋಡಿ ಎಂದು ನಮ್ಮ ಅಮ್ಮ ಈಗಲೂ ಆಣೆಯಿಟ್ಟು ಹೇಳುತ್ತಾಳೆ.

ಟಾಕೀಸು ಮುಚ್ಚಿದ ಮೇಲೆ ಚಿಕ್ಕಪ್ಪ ಹಜಾರದ ಕಿಟಕಿಯ ಪಕ್ಕ ಕೂತು ಬೀದಿ ನೋಡತೊಡಗಿದರು. ಒಂದು ದಿನ ಅದೇನು ತಲೆಗೆ ಹೊಕ್ಕಿತೋ, ಯಾರೋ ಬೇಸತ್ತು ಮಾರಿದ ಒಂದು ಸೈಕಲನ್ನು ಕೊಂಡು ತಂದರು. ಸಾಮಾನ್ಯ ಸೈಕಲಲ್ಲ. ಮೈಯೆಲ್ಲ ಕಬ್ಬಿಣದ ಬದಲು ಕಪ್ಪು ಕಾರ್ಬನ್ನು, ಎರಡು ಬೆರಳಲ್ಲಿ ಎತ್ತಿದರೆ ಮೇಲೆ ಬರುತ್ತದೆ. ಊರಿನಲ್ಲಿ ಬೆಳಗಿನ ಹೊತ್ತು ಇಂಥ ಸೈಕಲ್ಲು ಹತ್ತಿ ಹೋಗುವ ವಯಸ್ಸಾದವರ ಒಂದು ಗುಂಪಿದೆ. ಔಷಧಿ ಅಂಗಡಿಯ ಯಜಮಾನರು ಅದರ ಕ್ಯಾಪ್ಟನ್ನು. ಕೊರಳಲ್ಲಿ ಸೀಟಿ, ಮೈಗೆ ಅಂಟಿದ ಹಳದಿ ಬನಿಯನ್ನು, ಮಾತೆತ್ತಿದರೆ ಶಿಸ್ತು. ಉಳಿದವರಲ್ಲಿ ಒಬ್ಬರು ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ಬರು ಸದಾ ನಗುವ ದರ್ಜಿ, ಮಿಕ್ಕವರು ಮಿಕ್ಕವರೇ. ಚಿಕ್ಕಪ್ಪ ಅವರ ಬಾಲಕ್ಕೆ ಹೋಗಿ ಸೇರಿಕೊಂಡರು.

ಮೊದಲ ದಿನ ಸೈಕಲ್ಲು ತುಳಿದು ಬಂದು ಊಟಕ್ಕೆ ಕೂತವರು ಮಾತಾಡಿದರು. ದರ್ಜಿ ಹೇಳಿದ ಜೋಕು ಹೇಳಿ, ಅದು ಎಲ್ಲಿ ನಗು ತರಬೇಕಿತ್ತೋ ಅಲ್ಲಿಗೆ ಬರುವ ಮೊದಲೇ ತಾವೇ ನಕ್ಕರು. ಡ್ರಾಯಿಂಗ್ ಮೇಷ್ಟ್ರು ಹಳ್ಳಕ್ಕೆ ಬಿದ್ದದ್ದನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದರು. ಚಿಕ್ಕಮ್ಮ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಕಣ್ಣುಬಾಯಿ ಬಿಟ್ಟು ನೋಡುತ್ತಿದ್ದಳು. ಆಮೇಲೆ ಪಾತ್ರೆ ತೊಳೆಯುವಾಗ ನನ್ನ ಹತ್ತಿರ ಬಂದು, ಇಷ್ಟೊಂದು ಮಾತು ಇವರ ಹೊಟ್ಟೇಲಿ ಎಲ್ಲಿತ್ತೇ ಎಂದು ಕೇಳಿದಳು. ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ ಆ ದಿನ ಯಾರದೋ ಕೆಳದವಡೆಗೆ ಒಂದು ಹಲ್ಲು ಹೆಚ್ಚಿಗೆ ಕೂರಿಸಿ ಮತ್ತೆ ಕಿತ್ತಳು.

ಈ ಸುಖಕ್ಕೆ ಕಲ್ಲು ಬಿದ್ದದ್ದು ಒಂದು ಕಿರಿಕಿರಿ ಸದ್ದಿನಿಂದ. ಚಿಕ್ಕಪ್ಪ ಪೆಡಲು ತುಳಿದಾಗಲೆಲ್ಲ ಸೈಕಲ್ಲು ಕಿರ್ ಎನ್ನತೊಡಗಿತು. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಹಿಂದೆ ಬನ್ನಿ ಎಂದರು. ಇನ್ನೂ ಆಮೇಲೆ ಇನ್ನೂ ಹಿಂದೆ. ಕೊನೆಗೆ ಒಂದು ದಿನ ಕ್ಯಾಪ್ಟನ್ನು ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿ, ಬರುವ ಭಾನುವಾರ ನೀರಿನ ಟ್ಯಾಂಕಿನ ದಿಣ್ಣೆ ಹತ್ತಿ ಆ ಕಡೆಯ ದೊಡ್ಡ ಇಳಿಜಾರು ಇಳಿಯುವ ಕಾರ್ಯಕ್ರಮವಿದೆ, ಅಷ್ಟರಲ್ಲಿ ಈ ಸದ್ದು ನಿಂತರೆ ಬನ್ನಿ, ಇಲ್ಲದಿದ್ದರೆ ಇನ್ನು ಮೇಲೆ ಬರುವುದೇ ಬೇಡ ಎಂದುಬಿಟ್ಟರು. ಚಿಕ್ಕಪ್ಪ ಮನೆಗೆ ಬಂದು ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಕಿಟಕಿಯ ಪಕ್ಕ ಕೂತರು. ಊಟದ ಹೊತ್ತಿಗೆ ಮತ್ತೆ ಹಳೆಯ ಮನುಷ್ಯರಾಗಿದ್ದರು. ತಟ್ಟೆಗೆ ಚಮಚ ತಾಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಸೈಕಲ್ ಅಂಗಡಿಯವನು ಸೈಕಲ್ಲನ್ನು ತಲೆಕೆಳಗು ಮಾಡಿ, ಬೆರಳಲ್ಲಿ ಕುಟ್ಟಿ, ಕಿವಿಯಿಟ್ಟು ಕೇಳಿದ. ಎರಡು ಪೆಡಲುಗಳ ನಡುವಿನ ಅಚ್ಚು ತಿರುಗುವುದು ಒಂದು ಲೋಹದ ಕೊಳವೆಯಲ್ಲಂತೆ. ಆ ಕೊಳವೆಯನ್ನು ಕಾರ್ಬನ್ನಿನ ಮೈಯೊಳಗೆ ಅಂಟು ಹಾಕಿ ಕೂರಿಸಿರುತ್ತಾರಂತೆ. ಆ ಅಂಟು ಬಿಟ್ಟಿದೆ, ಕೊಳವೆ ಒಳಗೊಳಗೇ ಅಲ್ಲಾಡುತ್ತಿದೆ, ಇದಕ್ಕೆ ರಿಪೇರಿ ಇಲ್ಲ, ಹೊಸ ಚೌಕಟ್ಟು ತಗೊಳ್ಳಿ ಎಂದು ಅವನು ಹೇಳಿ ಕೈ ಒರೆಸಿಕೊಂಡ. ಚಿಕ್ಕಪ್ಪನ ಜೊತೆ ಹೋಗಿದ್ದ ಚಿಕ್ಕಮ್ಮನಿಗೆ ಪಿತ್ತ ನೆತ್ತಿಗೇರಿತು.

"ಬಾಯಲ್ಲಿ ಒಂದು ಹಲ್ಲು ಅಲ್ಲಾಡಿದ್ರೆ ಹೊಸ ಮನುಷ್ಯನ್ನೇ ತಗೊಳ್ಳಿ ಅಂತೀಯೇನಪ್ಪ?" ಎಂದು ಕೇಳಿದಳು.

ಇವಳು ಉತ್ತರಕ್ಕೆ ಕಾಯಲಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಬೀದಿಯುದ್ದಕ್ಕೂ ದಾಪುಗಾಲು ಹಾಕಿದಳು, ಚಿಕ್ಕಪ್ಪ ಅವಳ ಕೈಚೀಲ ಹಿಡಿದು ಹಿಂದೆ ಬಂದರು.

ಸೈಕಲ್ಲು ದವಡೆಗಳ ನಡುವೆ ಮೇಜಿನ ಮೇಲೆ ಮಲಗಿತು. ಪೆಡಲು, ಸರಪಳಿ, ಅಚ್ಚು, ಎಲ್ಲವನ್ನೂ ಚಿಕ್ಕಪ್ಪ ಬಿಚ್ಚಿಕೊಟ್ಟರು. ಒಳಗಿನ ಕೊಳವೆಯನ್ನು ಚಿಕ್ಕಮ್ಮ ಹೆಬ್ಬೆರಳಲ್ಲಿ ಒತ್ತಿದ್ದೇ ತಡ, ಅದು ಹಣ್ಣಾದ ಹಾಲುಹಲ್ಲಿನಂತೆ ಹೊರಗೆ ಬಂತು. ಜೊತೆಗೆ ಬಿಳಿ ಪುಡಿ. ಬೆವರು, ನೀರು ಒಳಗೆ ಇಳಿದರೆ ಕಾರ್ಬನ್ನಿಗೂ ಈ ಲೋಹಕ್ಕೂ ಆಗಿಬರುವುದಿಲ್ಲವಂತೆ. ಒಂದನ್ನೊಂದು ಮುಟ್ಟಿಕೊಂಡಿದ್ದರೆ ಲೋಹ ತಿಂದುಹೋಗಿ ಹೀಗೆ ಪುಡಿಯಾಗುತ್ತದಂತೆ, ಪುಡಿಯಾದ ಮೇಲೆ ಅಂಟಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಅತ್ತೆ ಸೊಸೆ ಇದ್ದ ಹಾಗೆ, ನಡುವೆ ಒಂದು ತೆಳು ಗೋಡೆ ಇರಬೇಕು ಎಂದು ಅವಳು ಗಾಜಿನ ನೂಲಿನ ಬಟ್ಟೆಯ ಒಂದು ಪಟ್ಟಿಯನ್ನು ಅಳತೆಗೆ ಕತ್ತರಿಸಿಟ್ಟಳು. ಲೋಹವನ್ನೂ ಕಾರ್ಬನ್ನಿನ ಒಳಮೈಯನ್ನೂ ಹೊಳಪು ಸಾಯುವವರೆಗೆ ಉಜ್ಜಿದಳು, ಸ್ಪಿರಿಟ್ಟಿನಲ್ಲಿ ಒರೆಸಿದಳು. ಒರೆಸಿದ ಮೇಲೆ ಬೆರಳು ತಾಗಿಸುವಂತಿಲ್ಲ, ಬೆರಳಿನ ಜಿಡ್ಡು ತಾಗಿದರೆ ಅಂಟು ಮುನಿಸಿಕೊಳ್ಳುತ್ತದೆ. ನಾನು ಹತ್ತಿರ ಹೋಗಿ ಇಣುಕಿದ್ದಕ್ಕೆ ನನ್ನ ಉಸಿರಿಗೂ ಬೈಗುಳ ಬಿತ್ತು.

ಇಷ್ಟು ಮಾಡಿದ ಮೇಲೆ ಬೇರೆಯವರಾಗಿದ್ದರೆ ಅಂಟು ಕಲಸುತ್ತಿದ್ದರು. ಚಿಕ್ಕಮ್ಮನ ಕಸುಬಿನಲ್ಲಿ ಹಾಗೆ ಮಾಡುವಂತಿಲ್ಲ. ಹಲ್ಲಿನ ಸೆಟ್ಟನ್ನು ಯಾರೂ ಒಂದೇ ಸಲಕ್ಕೆ ಗಟ್ಟಿ ಮಾಡುವುದಿಲ್ಲ. ಮೊದಲು ಗುಲಾಬಿ ಬಣ್ಣದ ಮೇಣದಲ್ಲಿ ಹಲ್ಲು ನಿಲ್ಲಿಸಿ, ಆ ಮನುಷ್ಯನ ಬಾಯಿಗೆ ಇಟ್ಟು, ಕಚ್ಚಿಸಿ, ಮಾತಾಡಿಸಿ, ನಗಿಸಿ ನೋಡುತ್ತಾರೆ. ಸೊಟ್ಟ ಇದ್ದರೆ ಮೇಣದಲ್ಲೇ ತಿದ್ದುತ್ತಾರೆ. ಎಲ್ಲ ಸರಿ ಎಂದಾದ ಮೇಲೆ ಮೇಣ ತೆಗೆದು ಆ ಜಾಗಕ್ಕೆ ಗಟ್ಟಿ ಮಾಲು ತುಂಬುತ್ತಾರೆ. ಶುಕ್ರವಾರ ಸಂಜೆ ಅವಳು ಸೈಕಲ್ಲಿಗೂ ಇದನ್ನೇ ಮಾಡಿದಳು. ಗುಲಾಬಿ ಮೇಣದ ಹಾಳೆಯನ್ನು ದೀಪದ ಮೇಲೆ ಬಿಸಿಮಾಡಿ ಕೊಳವೆಗೆ ಸುತ್ತಿ ಒಳಗೆ ಕೂರಿಸಿದಳು. ಅಚ್ಚು, ಪೆಡಲು, ಸರಪಳಿ ಮತ್ತೆ ಏರಿದವು. ಚಿಕ್ಕಪ್ಪನನ್ನು ಸೀಟಿನ ಮೇಲೆ ಕೂರಿಸಿ, ನನ್ನ ಕೈಗೆ ಹ್ಯಾಂಡಲ್ಲು ಕೊಟ್ಟು, ಓಣಿಯಂಥ ನಮ್ಮ ನಡುಮನೆಯಲ್ಲಿ ಆ ತುದಿಯಿಂದ ಈ ತುದಿಗೆ ತುಳಿಸಿದಳು. ತಾನು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಒಂದು ಕಣ್ಣು ಮುಚ್ಚಿ, ಸರಪಳಿ ನೆಟ್ಟಗೆ ಓಡುತ್ತಿದೆಯೇ ಎಂದು ನೋಡಿದಳು. ನೆಟ್ಟಗೆ ಓಡಿತು.

ಸದ್ದೂ ನಿಂತಿತ್ತು. ಮೇಣ ಮೆತ್ತಗಿರುತ್ತದಲ್ಲ, ಎಂಥ ಕಿರಿಕಿರಿಯನ್ನೂ ನುಂಗಿಹಾಕುತ್ತದೆ. ಚಿಕ್ಕಪ್ಪ ತುಳಿಯುತ್ತ ತುಳಿಯುತ್ತ ಕಿವಿ ನಿಮಿರಿಸಿ ಕೇಳಿದರು, ಕಣ್ಣಲ್ಲಿ ನೀರು ಬರುವಷ್ಟು ಖುಷಿಪಟ್ಟರು. ಚಿಕ್ಕಮ್ಮ ಎದ್ದು ಸೊಂಟ ನೀವಿಕೊಂಡು, ಸರಿಯಾಗಿ ಕೂತಿದೆ ಎಂದು ಹೇಳಿ ಅಡುಗೆಮನೆಗೆ ಹೋದಳು. ಬೆಳಗ್ಗೆ ಇದನ್ನು ಬಿಚ್ಚಿ ಮೇಣ ತೆಗೆದು ಅಸಲಿ ಅಂಟು ಹಾಕಬೇಕು, ಅದು ಒಂದು ಹಗಲು ಒಂದು ರಾತ್ರಿ ಗಟ್ಟಿಯಾಗಿ ಭಾನುವಾರಕ್ಕೆ ಸಿದ್ಧವಾಗುತ್ತದೆ ಎಂಬುದು ಅವಳ ಲೆಕ್ಕ. ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಮೇಣವೆಂದರೆ ನೋಡುವುದಕ್ಕೆ ಎಂಬುದು ಅವಳ ಪ್ರಕಾರ ಹುಟ್ಟಿದ ಮಗುವಿಗೂ ಗೊತ್ತಿರುವ ಸಂಗತಿ. ಚಿಕ್ಕಪ್ಪನ ಕಸುಬಿನಲ್ಲಿ ಸದ್ದು ನಿಂತರೆ ಯಂತ್ರ ರಿಪೇರಿಯಾಯಿತು ಎಂದರ್ಥ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಒಬ್ಬರ ಕಸುಬು ಇನ್ನೊಬ್ಬರಿಗೆ ಇಷ್ಟೇ ಗೊತ್ತಿದ್ದದ್ದು.

ಆ ಸಂಜೆ ಕ್ಯಾಪ್ಟನ್ನಿನ ಫೋನು ಬಂತು. ಭಾನುವಾರ ಮೋಡ ಮುಸುಕುತ್ತದಂತೆ, ಇಳಿಜಾರು ಒದ್ದೆಯಾದರೆ ಕಷ್ಟ, ಶನಿವಾರವೇ ಹೋಗೋಣ ಎಂದರು. ಚಿಕ್ಕಪ್ಪ ಹ್ಞೂಂ ಎಂದು ಫೋನಿಟ್ಟರು. ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಶನಿವಾರ ಬೆಳಗ್ಗೆ ಚಿಕ್ಕಮ್ಮ ಕೈಗೆ ಗವಸು ಹಾಕಿ, ಅಂಟಿನ ಎರಡು ಟ್ಯೂಬುಗಳನ್ನು ಹಿಡಿದು, ಮುಂಗೈಯಲ್ಲಿ ಬಾಗಿಲು ತಳ್ಳಿಕೊಂಡು ನಡುಮನೆಗೆ ಬಂದಳು. ಸೈಕಲ್ಲು ಇಲ್ಲ. ಚಿಕ್ಕಪ್ಪನೂ ಇಲ್ಲ. ಹೆಲ್ಮೆಟ್ಟು ನೇತುಹಾಕುವ ಮೊಳೆ ಖಾಲಿಯಿತ್ತು. ನಾನು ಹಲ್ಲುಜ್ಜುತ್ತ ಮೆಟ್ಟಿಲು ಇಳಿದು ಬಂದರೆ ಅವಳು ನೆಲದ ಮೇಲೆ ಕುಸಿದು ಕೂತಿದ್ದಳು.

"ಮೇಣದ ಮೇಲೆ ಹೋಗಿದಾರೆ ಕಣೆ" ಎಂದಳು.

ನನಗೆ ತಟ್ಟನೆ ನೆನಪಾದದ್ದು ಒಬ್ಬ ನಿವೃತ್ತ ನಾಟಕದ ಮೇಷ್ಟ್ರು. ಹಿಂದೊಮ್ಮೆ ಅವರು ಮೇಣದ ಸೆಟ್ಟನ್ನು ಪರೀಕ್ಷೆಗೆ ಬಾಯಲ್ಲಿಟ್ಟುಕೊಂಡು, ಕನ್ನಡಿ ನೋಡಿ ಮರುಳಾಗಿ, ವೈದ್ಯರು ಆ ಕಡೆ ತಿರುಗಿದ ಕೂಡಲೇ ಕಾಲಿಗೆ ಬುದ್ಧಿ ಹೇಳಿದ್ದರು. ನೇರ ಗೆಳೆಯರ ಮನೆಗೆ ಹೋಗಿ ಬಿಸಿ ಕಾಫಿ ಕುಡಿದರು. ಹಲ್ಲುಗಳು ಒಂದೊಂದಾಗಿ ಕಪ್ಪಿನೊಳಗೆ ಇಳಿದವು. ಅಲ್ಲಿ ಹೋದದ್ದು ಒಂದು ಕಪ್ಪು ಕಾಫಿ ಮಾತ್ರ. ಇಲ್ಲಿ ಕೊಳವೆ ಜಾರಿದರೆ ಪೆಡಲು ವಾರೆಯಾಗಿ, ಸರಪಳಿ ಕಚ್ಚಿಕೊಂಡು, ಚಿಕ್ಕಪ್ಪ ಇಳಿಜಾರಿನಲ್ಲಿ ಸೈಕಲ್ಲಿಗಿಂತ ಮುಂದೆ ಹೋಗಿ ಬೀಳುತ್ತಾರೆ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ, ಬಿಸಿಲು ಆಗಲೇ ಗೋಡೆಯನ್ನು ಕಾಯಿಸುತ್ತಿತ್ತು, ಸೈಕಲ್ಲೋ ಕಾಡಿಗೆಯಷ್ಟು ಕಪ್ಪು.

ಹೆಲ್ಮೆಟ್ಟೂ ಇಲ್ಲದ ಮೇಲೆ ದಿಣ್ಣೆಗೇ ಹೋಗಿರಬೇಕು ಎಂದು ನನ್ನ ಸ್ಕೂಟರು ಆ ಕಡೆ ಹೊರಟಿತು. ನನ್ನ ಬಾಯಲ್ಲಿ ಇನ್ನೂ ಪೇಸ್ಟಿನ ನೊರೆ, ಹಿಂದೆ ಚಿಕ್ಕಮ್ಮ ಏಪ್ರನ್ನು, ಗವಸು ಸಮೇತ. ಫೋನು ಮಾಡಿದರೆ ಯಾರೂ ಎತ್ತಲಿಲ್ಲ, ಚಿಕ್ಕಪ್ಪನದು ಮನೆಯ ಕಿಟಕಿಯಲ್ಲೇ ರಿಂಗಾಗಿರಬೇಕು. ಅಂಗಡಿಗಳ ಷಟರುಗಳು ಒಂದೊಂದಾಗಿ ಏಳುತ್ತಿದ್ದವು, ಹಾಲಿನ ವ್ಯಾನಿನವನು ನಡುರಸ್ತೆಯಲ್ಲಿ ನಿಲ್ಲಿಸಿಕೊಂಡು ಯಾರ ಜೊತೆಗೋ ಹರಟುತ್ತಿದ್ದ. ಚಿಕ್ಕಮ್ಮ ಅವನಿಗೆ ದಾರಿಯುದ್ದಕ್ಕೂ ಕೇಳಿಸುವಷ್ಟು ಬೈದಳು. ನನಗೂ ಬೈದಳು, ಸ್ಕೂಟರಿಗೂ ಬೈದಳು. ಚಿಕ್ಕಪ್ಪನಿಗೆ ಮಾತ್ರ ಬೈಯಲಿಲ್ಲ. ಅದರಿಂದಲೇ ಅವಳು ಎಷ್ಟು ಹೆದರಿದ್ದಾಳೆ ಎಂದು ನನಗೆ ಗೊತ್ತಾಯಿತು.

ದಿಣ್ಣೆಯ ಬುಡದಲ್ಲಿ ಒಂದು ಟೀ ಅಂಗಡಿ. ಸೈಕಲ್ಲಿನವರು ಅಲ್ಲಿ ಕೂತು ಹರಟೆ ಕೊಚ್ಚಿ ಈಗಷ್ಟೇ ಮೇಲೆ ಹೋದರು ಎಂದು ಅಂಗಡಿಯವನು ಹೇಳಿದ. ಹೇಳಿದವನು ಲೋಟ ತೊಳೆಯುತ್ತಲೇ, ಅದರಲ್ಲಿ ಒಂದು ಸೈಕಲ್ಲಿಗೆ ಒಸಡಿಂದ ರಕ್ತ ಬಂದ ಹಾಗಿತ್ತಪ್ಪ ಎಂದೂ ಸೇರಿಸಿದ. ಬಿಸಿಲು ಬೀಳುವ ಗೋಡೆಯ ಕೆಳಗೆ, ಸೈಕಲ್ಲು ಒರಗಿಸಿದ್ದ ಜಾಗದಲ್ಲಿ, ಗುಲಾಬಿ ಹನಿಗಳು ಬಿದ್ದಿದ್ದವು. ಚಿಕ್ಕಮ್ಮ ಬಗ್ಗಿ ಒಂದನ್ನು ಬೆರಳಿನಿಂದ ಒತ್ತಿ ನೋಡಿದಳು. ಅದು ಬೆಣ್ಣೆಯ ಹಾಗೆ ಚಪ್ಪಟೆಯಾಯಿತು. ಎದ್ದು ಬಂದು ಸ್ಕೂಟರಿನಲ್ಲಿ ಕೂತು ನನ್ನ ಹೆಗಲು ಹಿಡಿದುಕೊಂಡಳು.

ದಿಣ್ಣೆಯ ನೆತ್ತಿಯಲ್ಲಿ ನೀರಿನ ಟ್ಯಾಂಕು, ಅದರ ಪಕ್ಕದಿಂದ ರಸ್ತೆ ಆ ಕಡೆಗೆ ಇಳಿಯುತ್ತದೆ. ಇಳಿಯುತ್ತದೆ ಎನ್ನುವುದು ನನ್ನ ಸೌಜನ್ಯ, ಧುಮುಕುತ್ತದೆ ಎನ್ನಬೇಕು. ಮೇಲೆ ನಿಂತು ನೋಡಿದರೆ ಕೆಳಗಿನ ಲಾರಿ ಇರುವೆಯಷ್ಟು ಕಾಣುತ್ತದೆ. ಹಳದಿ ಬನಿಯನ್ನುಗಳು ಸಾಲಾಗಿ ನಿಂತಿದ್ದವು. ಎಲ್ಲರಿಗಿಂತ ಮುಂದೆ, ಕ್ಯಾಪ್ಟನ್ನಿನ ಪಕ್ಕದಲ್ಲಿ, ನಮ್ಮ ಚಿಕ್ಕಪ್ಪ. ಸದ್ದು ನಿಲ್ಲಿಸಿಕೊಂಡು ಬಂದದ್ದಕ್ಕೆ ಮೆಚ್ಚಿ ಅವರನ್ನು ಬಾಲದಿಂದ ತಲೆಗೆ ತಂದಿದ್ದರು. ದರ್ಜಿ ಏನೋ ಹೇಳಿದ, ಚಿಕ್ಕಪ್ಪ ತಲೆ ಹಿಂದಕ್ಕೆ ಚೆಲ್ಲಿ ಹಲ್ಲೆಲ್ಲ ಕಾಣುವಂತೆ ನಕ್ಕರು. ಆ ನಗು ನಾನು ಅದುವರೆಗೆ ನೋಡಿರಲಿಲ್ಲ.

ಚಿಕ್ಕಮ್ಮ ಸ್ಕೂಟರಿನಿಂದ ಇಳಿದವಳು ನಿಂತುಬಿಟ್ಟಳು.

"ಮುಖ ನೋಡೇ ಅವರದ್ದು" ಎಂದಳು. "ಇಷ್ಟು ಜನರ ಮುಂದೆ ಹೇಗೆ ಹೇಳ್ಲಿ ನಾನು."

ಹೇಳಿದರೆ ಗುಂಪಿನವರು ಇನ್ನು ಚಿಕ್ಕಪ್ಪನನ್ನು ಹತ್ತಿರ ಸೇರಿಸುವುದಿಲ್ಲ. ಕಿರಿಕಿರಿ ಸೈಕಲ್ಲಿನವನು ಎಂಬ ಹೆಸರು ಹೋಗಿ ಮೇಣದ ಸೈಕಲ್ಲಿನವನು ಎಂಬ ಹೆಸರು ನಿಲ್ಲುತ್ತದೆ. ಹೇಳದಿದ್ದರೆ ಎದುರಿಗೆ ಆ ಇಳಿಜಾರು. ಅವಳು ಮೊದಲು ಉಪಾಯದ ದಾರಿ ಹಿಡಿದಳು. ಮೆಲ್ಲಗೆ ಹೋಗಿ, ಮುಖದ ತುಂಬ ನಗು ತಂದುಕೊಂಡು, ಮನೆಗೆ ನೆಂಟರು ಬಂದಿದ್ದಾರೆ, ಬನ್ನಿ ಎಂದಳು. ಕೂರಿಸಿರು, ಬರ್ತೀನಿ ಎಂದರು ಚಿಕ್ಕಪ್ಪ. ಬೀಗದ ಕೈ ನಿಮ್ಮ ಹತ್ತಿರ ಉಳಿದಿದೆ ಎಂದಳು. ಅವರು ಅವಳ ಏಪ್ರನ್ನಿನ ಜೇಬಿನಿಂದ ಇಣುಕುತ್ತಿದ್ದ ಬೀಗದ ಕೈಯನ್ನು ತೋರಿಸಿದರು. ಕೊನೆಗೆ ಕಿವಿಯ ಹತ್ತಿರ ಬಾಗಿ ನಿಜ ಹೇಳಿದಳು. ಚಿಕ್ಕಪ್ಪ ನಂಬಲಿಲ್ಲ. ಸದ್ದೇ ಇಲ್ಲವಲ್ಲ, ನಿನ್ನ ಸಾಮಾನೆಲ್ಲ ಗುಲಾಬಿ ಬಣ್ಣದ್ದೇ ತಾನೆ, ಅಂಟೂ ಹಾಗೇ ಇರುತ್ತದೆ ಎಂದು ಅವಳಿಗೇ ಸಮಾಧಾನ ಹೇಳಿದರು. ಅಷ್ಟರಲ್ಲಿ ಕ್ಯಾಪ್ಟನ್ನು ಸೀಟಿಯನ್ನು ತುಟಿಗಿಟ್ಟರು. ಚಿಕ್ಕಪ್ಪ ಒಂದು ಕಾಲನ್ನು ಪೆಡಲಿನ ಮೇಲೆ ಊರಿದರು. ಸೀಟಿ ಕೂಗಿತು.

ಚಿಕ್ಕಮ್ಮ ಎರಡೂ ಕೈಯಲ್ಲಿ ಹಿಂದಿನಿಂದ ಸೀಟು ಹಿಡಿದು ಜಗ್ಗಿದಳು.

"ಅದು ಅಂಟಲ್ಲ, ಮೇಣ" ಎಂದು ಕೂಗಿದಳು. ಟ್ಯಾಂಕಿನ ಮೇಲೆ ಕೂತಿದ್ದ ಪಾರಿವಾಳಗಳು ಹಾರಿಹೋದವು. "ಊರಲ್ಲಿರೋ ಬಾಯಿಗೆಲ್ಲ ಹಲ್ಲು ಕಟ್ಟಿದೀನಿ ನಾನು. ನಿಮ್ಮ ಬಾಯಿಗೆ ಕಟ್ಟೋದು ಮಾತ್ರ ನನ್ನ ಕೈಲಿ ಆಗಲ್ಲ. ನಿಮಗೇನಾದ್ರೂ ಆದ್ರೆ ನಾನು ಬದುಕಲ್ಲ. ಇಳೀರಿ ಕೆಳಗೆ."

ಯಾರೂ ಅಲ್ಲಾಡಲಿಲ್ಲ. ದರ್ಜಿ ನಗು ಒತ್ತರಿಸಿಕೊಂಡು ಬಂದು ಕೆಮ್ಮಿದ ಹಾಗೆ ಮಾಡಿದ. ಚಿಕ್ಕಪ್ಪ ತಲೆ ತಗ್ಗಿಸಿ ಪೆಡಲಿನ ಕಡೆ ನೋಡಿದರು. ಕಪ್ಪು ಕಾರ್ಬನ್ನಿನ ಅಂಚಿನಿಂದ ಒಂದು ಗುಲಾಬಿ ಹನಿ ಇಳಿದು ಅವರ ಬೂಟಿನ ಮೇಲೆ ಬಿತ್ತು. ಕೈಯಿಂದ ಪೆಡಲನ್ನು ಅಲ್ಲಾಡಿಸಿ ನೋಡಿದರು, ಕೊಳವೆಯೂ ಜೊತೆಗೆ ಹೊರಳಿತು. ಅವರ ಮುಖ ಚಿಕ್ಕದಾಯಿತು. ಸೈಕಲ್ಲಿನಿಂದ ಇಳಿದು ಕ್ಯಾಪ್ಟನ್ನಿಗೆ, ನೀವೆಲ್ಲ ಹೋಗಿ, ನನ್ನಿಂದ ತಡ ಆಗೋದು ಬೇಡ ಎಂದು ಹೇಳಿ ಬದಿಗೆ ಸರಿದರು. ಚಿಕ್ಕಮ್ಮ ನೆಲ ನೋಡುತ್ತ ನಿಂತಿದ್ದಳು. ಗಂಡನ ಮಾನವನ್ನು ತಾನೇ ಹರಾಜಿಗಿಟ್ಟೆ ಎಂಬ ದುಃಖ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಈಗ ಕ್ಯಾಪ್ಟನ್ನು ಇಳಿಜಾರನ್ನು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಅವರ ಕೈ ನೋಡಿದೆ. ಎರಡೂ ಬ್ರೇಕುಗಳನ್ನು ಅವರು ಹಿಡಿದಿದ್ದ ಬಿಗಿಗೆ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಸೀಟಿ ಊದಿ ಇಷ್ಟು ಹೊತ್ತಾದರೂ ಅವರಾಗಲಿ, ಅವರ ಹಿಂದಿನವರಾಗಲಿ, ಒಬ್ಬರೂ ಒಂದು ಗೇಣು ಮುಂದೆ ಹೋಗಿರಲಿಲ್ಲ. ಕ್ಯಾಪ್ಟನ್ನು ಗಂಟಲು ಸರಿಪಡಿಸಿಕೊಂಡು, ಒಬ್ಬ ಸದಸ್ಯರನ್ನು ನಡುದಾರಿಯಲ್ಲಿ ಬಿಟ್ಟು ಹೋಗುವುದು ನಮ್ಮ ಸಂಪ್ರದಾಯವೇ ಅಲ್ಲ ಎಂದರು. ಆ ಸಂಪ್ರದಾಯ ಅದೇ ಕ್ಷಣದಲ್ಲಿ ಹುಟ್ಟಿತ್ತು. ಡ್ರಾಯಿಂಗ್ ಮೇಷ್ಟ್ರು, ಖಂಡಿತ ಖಂಡಿತ, ಮನುಷ್ಯತ್ವ ಅನ್ನೋದು ಒಂದಿದೆಯಲ್ಲ ಎಂದು ಹೇಳುವಷ್ಟರಲ್ಲಿ ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿ ಆಗಿತ್ತು. ದರ್ಜಿ ತನಗೆ ನಿನ್ನೆಯಿಂದ ಮಂಡಿ ನೋವು, ಸುಮ್ಮನೆ ಹೇಳಿರಲಿಲ್ಲ ಎಂದ. ಒಬ್ಬೊಬ್ಬರೂ ಚಿಕ್ಕಪ್ಪನ ಬೆನ್ನು ತಟ್ಟಿ, ನಿಮ್ಮ ಜೊತೆ ನಾವೂ ನಡೆದುಕೊಂಡೇ ಬರುತ್ತೇವೆ ಎಂದರು. ಇಷ್ಟು ಔದಾರ್ಯವನ್ನು ನಾನು ಒಂದೇ ಕಡೆ ಎಂದೂ ಕಂಡಿರಲಿಲ್ಲ.

ಚಿಕ್ಕಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದರು. ಮೇಣದ ಸೈಕಲ್ಲು ಹತ್ತಿ ಬಂದ ತಮ್ಮೊಬ್ಬರನ್ನು ಬಿಟ್ಟರೆ ಅಲ್ಲಿ ಇಳಿಯಲು ಧೈರ್ಯವಿದ್ದವರು ಯಾರೂ ಇರಲಿಲ್ಲ ಎಂಬುದು ಅವರಿಗೆ ಹೊಳೆದಿರಬೇಕು. ಹಾಗಾದ್ರೆ ಮುಂದಿನ ವಾರ ಇಳಿಯೋಣ, ಅಷ್ಟರಲ್ಲಿ ನನ್ನದು ಗಟ್ಟಿಯಾಗಿರುತ್ತೆ ಎಂದು ಬಹಳ ನಯವಾಗಿ ಹೇಳಿದರು. ಕ್ಯಾಪ್ಟನ್ನಿನ ಕಣ್ಣು ಮೆಲ್ಲಗೆ ಚಿಕ್ಕಮ್ಮನ ಕಡೆ ಹೊರಳಿತು.

"ಮುಂದಿನ ವಾರ ನಿಮ್ಮ ಮನೆಯವರೂ ಬರ್ಲಿ" ಎಂದರು. "ಎಲ್ರ ಸೈಕಲ್ಲೂ ಒಂದ್ಸಲ ನೋಡಿಬಿಡ್ಲಿ. ಯಾವುದು ಎಲ್ಲಿ ಸಡಿಲ ಇರುತ್ತೋ ಯಾರಿಗೆ ಗೊತ್ತು."

ಇಡೀ ಗುಂಪು ಸೈಕಲ್ಲು ತಳ್ಳಿಕೊಂಡು ಬಂದ ದಾರಿಯಲ್ಲೇ ದಿಣ್ಣೆ ಇಳಿಯಿತು. ಚಿಕ್ಕಪ್ಪ ನಡುವೆ ಇದ್ದರು. ಟೀ ಅಂಗಡಿಯ ಹತ್ತಿರ ಬರುವಷ್ಟರಲ್ಲಿ ಮೇಣದ ವಿಷಯದಲ್ಲಿ ಮೊದಲ ಜೋಕು ಹುಟ್ಟಿತು, ಅದನ್ನು ಹೇಳಿದವರು ಚಿಕ್ಕಪ್ಪನೇ. ಚಿಕ್ಕಮ್ಮ ಸ್ಕೂಟರು ಹತ್ತಲು ಒಪ್ಪಲಿಲ್ಲ. ಗುಂಪಿನ ಹಿಂದೆ, ಸ್ವಲ್ಪ ದೂರ ಬಿಟ್ಟು, ಗವಸಿನ ಕೈ ಕಟ್ಟಿಕೊಂಡು ನಡೆದುಬಂದಳು.

ಮನೆಗೆ ಬಂದವಳು ನೀರೂ ಕುಡಿಯದೆ ಕೆಲಸಕ್ಕೆ ಕೂತಳು. ಮೇಣವನ್ನೆಲ್ಲ ಬಿಸಿನೀರಲ್ಲಿ ಕರಗಿಸಿ ತೆಗೆದಳು, ಮತ್ತೆ ಉಜ್ಜಿದಳು, ಮತ್ತೆ ಸ್ಪಿರಿಟ್ಟಿನಲ್ಲಿ ಒರೆಸಿದಳು. ಅಂಟಿನ ಎರಡು ಭಾಗಗಳನ್ನು ಗಾಜಿನ ಮೇಲೆ ಹಿಂಡಿ, ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿದಳು. ಗಾಜಿನ ಬಟ್ಟೆಯನ್ನು ಅದರಲ್ಲಿ ನೆನೆಸಿ ಕೊಳವೆಗೆ ಸುತ್ತಿ, ತಿರುಗಿಸುತ್ತ ತಿರುಗಿಸುತ್ತ ಒಳಗೆ ಇಳಿಸಿದಳು. ಅಂಚಿನಲ್ಲಿ ಉಕ್ಕಿ ಬಂದ ಅಂಟನ್ನು ಒಸಡು ತಿದ್ದುವ ಚೂರಿಯಿಂದ ತಿದ್ದಿದಳು. ಹಿಡಿಯುವುದಕ್ಕೆ ನಾವು ಮೂವರು. ಚಿಕ್ಕಪ್ಪ ಆ ಕಡೆ, ಅವಳು ಈ ಕಡೆ, ನಾನು ಮುಂದಿನ ಚಕ್ರದ ಕವಲನ್ನು ಅವುಚಿಕೊಂಡು. ಮಾತಾಡುವಂತಿಲ್ಲ ಎಂಬ ನಿಯಮವನ್ನು ಅವತ್ತು ಮುರಿದವಳು ಅವಳೇ.

"ಎಲ್ರ ಮುಂದೆ ಹಾಗೆ ಕೂಗಬಾರದಿತ್ತು" ಎಂದಳು. "ಏನೇನೋ ಬಾಯಿಗೆ ಬಂತು. ಅಷ್ಟೂ ಜನಕ್ಕೆ ಕೇಳಿಸ್ತು."

ಚಿಕ್ಕಪ್ಪ ಕೊಳವೆಯ ಮೇಲಿನ ಕೈ ಸಡಿಲಿಸಲಿಲ್ಲ.

"ನನಗೂ ಕೇಳಿಸ್ತು" ಎಂದರು.

ಚಿಕ್ಕಮ್ಮ ತಲೆ ಎತ್ತಲಿಲ್ಲ. ಅವಳ ಕಿವಿ ಮಾತ್ರ ಕೆಂಪಗಾಯಿತು. ಆಮೇಲೆ ನನ್ನ ಕಡೆ ತಿರುಗಿ, ಇದನ್ನು ಹಿಡಿದುಕೊಳ್ಳೋಕೆ ನಾವಿಬ್ರೇ ಸಾಕು, ನೀನು ಮೇಲೆ ಹೋಗು ಎಂದಳು. ನಾನು ಕವಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಮಹಡಿ ಹತ್ತಿದೆ.